ಬೀಗರ ಬಿರುದು

ನನ್ನ ತಂಗಿ ಇಂಗ್ಲೆಂಡಿನ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆಂದು ಹೇಳಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ, ಒಂದು ಭಾನುವಾರ ಬೆಳಗ್ಗೆ. ನಾನು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ ಮನೆಯಲ್ಲೇ ಡೇಕೇರು ನಡೆಸುತ್ತೇನೆ. ಅಪ್ಪ ಹೋದ ಮೇಲೆ ಅಮ್ಮ ಹಾಸನ ಬಿಟ್ಟು ಬಂದು ನನ್ನ ಜೊತೆಗಿದ್ದಳು. ತಂಗಿ ಬರ್ಕ್ಲಿಯಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುವವಳು. ಹುಡುಗನೂ ಅದೇ ಕೆಲಸದವನು. ಅಮ್ಮನಿಗೆ ಹೇಗೆ ಹೇಳುವುದೆಂದು ನಾವಿಬ್ಬರೂ ವಾರವಿಡೀ ಫೋನಿನಲ್ಲಿ ಮಾತಾಡಿಕೊಂಡಿದ್ದೆವು. ಅಮ್ಮ ದೋಸೆ ಮಗುಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಇಲ್ಲಿಗೆ ಬಂದ್ಮೇಲೆ ಜಾತಿ ಕೇಳೋದೇನು ಬುಡು," ಎಂದಳು ಕೊನೆಗೆ. "ಅಪ್ಪ ಅಮ್ಮ ಇದಾರಾ?"

"ಅಮ್ಮ ಇಲ್ಲ. ಅಪ್ಪ ಇದಾರೆ, ಇಂಗ್ಲೆಂಡಲ್ಲಿ."

"ಏನ್ ಮಾಡ್ತಾರೆ?"

"ಈಗೇನೂ ಮಾಡಲ್ಲ, ರಿಟೈರ್ಡು." ತಂಗಿ ಸ್ವಲ್ಪ ತಡೆದು, "ಅವರು ಲಾರ್ಡು, ಅಮ್ಮ," ಎಂದಳು.

ಅಮ್ಮ ಸೌಟನ್ನು ಕೆಳಗಿಟ್ಟಳು. "ಲಾರ್ಡು ಅಂದ್ರೆ? ಪಾಳೇಗಾರ್ರಾ?"

"ಹಂಗೇ ಅಂದ್ಕೋ. ಆದ್ರೆ ಪಾಳೆನೂ ಇಲ್ಲ, ಕೋಟೆನೂ ಇಲ್ಲ. ಬರೀ ಹೆಸರು."

"ಹೆಸ್ರೇ ಅಲ್ವೇನೆ ಇರೋದು," ಎಂದು ಅಮ್ಮ ಮತ್ತೆ ಕಾವಲಿಯ ಕಡೆ ತಿರುಗಿದಳು. ಅಂದಿನಿಂದ ಆ ಸಂಬಂಧಕ್ಕೆ ನಮ್ಮ ಮನೆಯಲ್ಲಿ ಅವಳಿಗಿಂತ ದೊಡ್ಡ ಬೆಂಬಲಿಗರು ಯಾರೂ ಇರಲಿಲ್ಲ.

ಬೀಗರು ಮದುವೆಗೆ ಬಂದರು. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಬಾಗಿದ ಮುದುಕರು. ಕೋಟಿನ ಮೊಣಕೈಗೆ ತೇಪೆ ಹಾಕಿತ್ತು. ವಿಮಾನ ನಿಲ್ದಾಣದಲ್ಲಿ ಅಮ್ಮ ಅವರ ಹಿಂದೆ ಆಳುಕಾಳು ಯಾರಾದರೂ ಬರುತ್ತಾರೇನೋ ಎಂದು ಇಣುಕಿ ನೋಡಿದ್ದು ನನಗೆ ನೆನಪಿದೆ. ಯಾರೂ ಇರಲಿಲ್ಲ. ತಮ್ಮ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು ಬಂದರು. ಅಮ್ಮ ಮೈಸೂರಿನವರೊಬ್ಬರ ಕೈಯಲ್ಲಿ ಜರಿಯ ಪೇಟ ತರಿಸಿಟ್ಟಿದ್ದಳು. ದೇವಸ್ಥಾನದಲ್ಲಿ ಅದನ್ನು ಅವರ ತಲೆಗೆ ಇಟ್ಟಾಗ ಅವರು ಬಗ್ಗಿ ತಲೆ ಕೊಟ್ಟರು, ಸಂಜೆಯವರೆಗೂ ತೆಗೆಯಲಿಲ್ಲ.

ಒಂದೇ ಒಂದು ವಿಷಯಕ್ಕೆ ಅವರು ಹಟ ಹಿಡಿದದ್ದು. ದೇವಸ್ಥಾನದ ಮದುವೆ ಮೊದಲು, ಸರ್ಕಾರದ ನೋಂದಣಿ ಪುರುಸೊತ್ತಾದಾಗ ಎಂದು ತಂಗಿ ಅಂದುಕೊಂಡಿದ್ದಳು. ಬೀಗರು ಬೇಡವೆಂದರು. ಕಾನೂನಿನ ಮದುವೆ ಮೊದಲಾಗಲಿ, ಉಳಿದದ್ದು ಆಮೇಲೆ ಎಂದರು. ನಮಗೆ ವಿಚಿತ್ರವೆನಿಸಿತು. ಹಿರಿಯರ ಮಾತು ಎಂದು ಅಮ್ಮನೇ ತಂಗಿಯನ್ನು ಒಪ್ಪಿಸಿದಳು. ಹಿಂದಿನ ದಿನ ಎಲ್ಲರೂ ಕೌಂಟಿ ಆಫೀಸಿಗೆ ಹೋಗಿ ಕ್ಯೂನಲ್ಲಿ ನಿಂತು ಬಂದೆವು.

ಅದರ ಕಾರಣ ನನಗೆ ತಿಳಿದದ್ದು ಮರುವರ್ಷದ ಚಳಿಗಾಲದಲ್ಲಿ. ಅಲ್ಲಿಯ ಚಳಿ ತಡೆಯಲಾಗದೆ ಬೀಗರು ಪ್ರತಿ ವರ್ಷ ಮಗನ ಮನೆಗೆ ಬಂದು ಎರಡು ತಿಂಗಳು ಇರುತ್ತಿದ್ದರು. ಮಗ ಸೊಸೆ ಕೆಲಸಕ್ಕೆ ಹೋದರೆ ಬರ್ಕ್ಲಿಯ ಮನೆಯಲ್ಲಿ ಒಬ್ಬರೇ. ಹಾಗಾಗಿ ಅನೇಕ ಸಲ ವಾರಗಟ್ಟಲೆ ನಮ್ಮ ಮನೆಯಲ್ಲೇ ಉಳಿಯುತ್ತಿದ್ದರು. ಮಕ್ಕಳು ಮಧ್ಯಾಹ್ನ ಮಲಗಿದಾಗ ನಾನು ಟೀ ಮಾಡಿದರೆ ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಮಾತಾಡುತ್ತಿದ್ದರು.

ಅವರ ತಾತ ಬಂದರಿನ ಊರೊಂದರಲ್ಲಿ ಹಗ್ಗ ಹೊಸೆಯುವವನ ಮಗ. ಹಡಗುಗಳಿಗೆ ಹಗ್ಗ ಮಾರಿ, ಆಮೇಲೆ ಉಕ್ಕಿನ ತಂತಿಯ ಹಗ್ಗಕ್ಕೆ ಕಾರ್ಖಾನೆ ಹಾಕಿ ಮೇಲೆ ಬಂದ. ಮೊದಲ ಮಹಾಯುದ್ಧ ಶುರುವಾದಾಗ ನೌಕಾಪಡೆಗೆ ಅವನ ಹಗ್ಗವೇ ಬೇಕಾಯಿತು. ಆಳುವ ಪಕ್ಷಕ್ಕೆ ಕೈಬಿಚ್ಚಿ ಕೊಟ್ಟ. ರಾಜನಿಂದ ಬ್ಯಾರನ್ ಎಂಬ ಪದವಿ ಬಂತು. ಹಗ್ಗ ಹೊಸೆಯುವವನ ಮಗ ಲಾರ್ಡ್ ಆದ. ಹಳ್ಳಿಗಾಡಿನಲ್ಲಿ ದೊಡ್ಡ ಮನೆ ಕೊಂಡ, ಪಾರ್ಲಿಮೆಂಟಿನಲ್ಲಿ ಕೂತ. ಪದವಿ ತಂದುಕೊಟ್ಟ ಯುದ್ಧವೇ ಅವನ ಹಿರಿಯ ಮಕ್ಕಳಿಬ್ಬರನ್ನು ತಿಂದಿತು. ಇನ್ನೊಬ್ಬ ಬರೀ ಹೆಣ್ಣುಮಕ್ಕಳನ್ನು ಬಿಟ್ಟು ಅಪ್ಪನಿಗಿಂತ ಮೊದಲೇ ಸತ್ತ. ಕೊನೆಯವನೇ ಬೀಗರ ಅಪ್ಪ. ಅವರಪ್ಪ ಸತ್ತಾಗ ವಾರಸಿನ ತೆರಿಗೆ ಕಟ್ಟಲಾಗದೆ ಮನೆ ಮಾರಿದರು. ಅದೀಗ ಮದುವೆಗಳಿಗೆ ಬಾಡಿಗೆ ಕೊಡುವ ಹೋಟೆಲು. ಕಾರ್ಖಾನೆ ಎಂದೋ ಮುಚ್ಚಿತು. ಕಾನೂನು ಬದಲಾಗಿ ಪಾರ್ಲಿಮೆಂಟಿನ ಕುರ್ಚಿಯೂ ಹೋಯಿತು. ಉಳಿದದ್ದು ಹೆಸರು. ಅದು ಗಂಡಿನಿಂದ ಗಂಡಿಗೆ ಮಾತ್ರ, ಅದೂ ಕಾನೂನುಬದ್ಧ ಮದುವೆಯಲ್ಲಿ ಹುಟ್ಟಿದವನಿಗೆ ಮಾತ್ರ ಹೋಗುತ್ತದೆ.

"ಈಗ ನಾನು, ನನ್ನ ನಂತರ ನನ್ನ ಮಗ," ಎಂದರು. "ಬೇರೆ ಯಾರೂ ಉಳಿದಿಲ್ಲ."

ನಾನು ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. "ಮತ್ತೆ? ನಮ್ಮಲ್ಲಿ ಬೇರೆ ಥರ ಐತಾ?" ಎಂದಳು.

ಅಮ್ಮನಿಗೆ ಇಂಗ್ಲಿಷ್ ಬಾರದು, ಬೀಗರಿಗೆ ಕನ್ನಡ ಬಾರದು. ಆದರೂ ಅವರಿಬ್ಬರ ನಡುವೆ ಬೆಳೆದಷ್ಟು ಸಲಿಗೆ ನಮ್ಮ ಯಾರ ನಡುವೆಯೂ ಬೆಳೆಯಲಿಲ್ಲ. ಇಂಡಿಯನ್ ಗ್ರೋಸರಿಗೆ ಅವರೆಕಾಯಿ ಬಂದ ದಿನ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಇಬ್ಬರೂ ಕಾಯಿ ಬಿಡಿಸುತ್ತಿದ್ದರು. ಅಮ್ಮ ಕನ್ನಡದಲ್ಲಿ ಏನೋ ಹೇಳುವಳು, ಅವರು ಇಂಗ್ಲಿಷಿನಲ್ಲಿ ಏನೋ ಅನ್ನುವರು. ಅವರ ಬೆರಳುಗಳಿಗೆ ಅವರೆಯ ಸೊನೆ ಅಂಟಿ, ಆ ವಾಸನೆಯನ್ನು ಅವರು ಮೂಸಿ ನೋಡುವರು. ಇಬ್ಬರಿಗೂ ಇದ್ದ ಆಸೆ ಒಂದೇ. ಅದಕ್ಕೆ ಭಾಷೆ ಬೇಕಿರಲಿಲ್ಲ.

ಆ ಆಸೆಯ ಭಾರವೆಲ್ಲ ನನ್ನ ತಂಗಿಯ ಮೇಲಿತ್ತು. ಎರಡು ಸಲ ಗರ್ಭ ನಿಂತು ಹೋಯಿತು. ಮೂರನೆಯ ಸಲ ಇಂಜೆಕ್ಷನ್ನು, ಚಿಕಿತ್ಸೆ ಎಲ್ಲ ಆಗಿ ನಿಂತದ್ದೂ ಉಳಿಯಲಿಲ್ಲ. ಅವಳು ವಾರದ ದಿನಗಳಲ್ಲಿ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು. ಡೇಕೇರಿನ ಮಕ್ಕಳಿರುತ್ತಾರಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಬೀಗರು ಒಂದು ದಿನವೂ ಬಾಯಿಬಿಟ್ಟು ಏನೂ ಕೇಳಿದವರಲ್ಲ. ಸೊಸೆ ಕೋಣೆಯೊಳಗೆ ಬಂದರೆ ಒಂದು ಕ್ಷಣ ಅವಳ ಹೊಟ್ಟೆಯ ಕಡೆ ನೋಡಿ ಕಣ್ಣು ತೆಗೆಯುತ್ತಿದ್ದರು. ಅದನ್ನು ಅವಳೂ ನೋಡಿದ್ದಳು.

"ಬೈದ್ರೂ ಪರವಾಗಿಲ್ಲ ಅಕ್ಕ," ಎಂದಳೊಮ್ಮೆ. "ಈ ನೋಡೋದು ಇದೆಯಲ್ಲ, ಇದು ಆಗಲ್ಲ."

ಅಮ್ಮ ಮನೆದೇವರಿಗೆ ಮುಡಿಪು ಕಟ್ಟಿದಳು. ಅರಿಶಿನದ ಬಟ್ಟೆಯಲ್ಲಿ ನಾಣ್ಯ ಗಂಟು ಹಾಕಿ ದೇವರ ಮುಂದೆ ಇಡುವುದನ್ನು ಬೀಗರು ನೋಡಿದರು. ಏನೆಂದು ನನ್ನನ್ನು ಕೇಳಿದರು. ಹೇಳಿದೆ. ಜೇಬಿನಿಂದ ತಮ್ಮ ದೇಶದ ನಾಣ್ಯ ತೆಗೆದು, ಇದನ್ನೂ ಸೇರಿಸಬಹುದೇ ಎಂದರು. ಅಮ್ಮ ಗಂಟು ಬಿಚ್ಚಿ ಸೇರಿಸಿ ಮತ್ತೆ ಕಟ್ಟಿದಳು.

ನಾಲ್ಕನೆಯ ಬಸಿರು ನಿಂತಿತು. ತಿಂಗಳು ತುಂಬುತ್ತ ಬಂದಂತೆ ತಂಗಿಯ ಮುಖದಲ್ಲಿ ಬಣ್ಣ ಬಂತು. ಸ್ಕ್ಯಾನಿನಲ್ಲಿ ಗಂಡು ಎಂದರು. ತಂಗಿಯ ಗಂಡ ಅಪ್ಪನಿಗೆ ಫೋನು ಮಾಡಿದಾಗ ಅವರು ಅದನ್ನೇ ಎರಡು ಸಲ ಹೇಳಿಸಿಕೊಂಡರಂತೆ. ಆ ವರ್ಷ ಬೀಗರು ಚಳಿಗಾಲಕ್ಕೆ ಕಾಯದೆ ಸೆಪ್ಟೆಂಬರಿನಲ್ಲೇ ಬಂದುಬಿಟ್ಟರು. ಅವರ ಪೆಟ್ಟಿಗೆಯಲ್ಲಿ ಲೇಸಿನ ಉದ್ದನೆಯ ಅಂಗಿಯೊಂದಿತ್ತು, ಹಳೆಯದಾಗಿ ಟೀ ಬಣ್ಣಕ್ಕೆ ತಿರುಗಿತ್ತು. ಅವರ ಮನೆಯ ಗಂಡುಮಕ್ಕಳಿಗೆಲ್ಲ ಹೆಸರಿಡುವಾಗ ಅದನ್ನೇ ತೊಡಿಸಿದ್ದಂತೆ. ಅಮ್ಮ ಕೆಂಪು ಬಟ್ಟೆಯ ಕುಲಾವಿ ಹೊಲಿದಿದ್ದಳು. ಎರಡನ್ನೂ ಒಂದೇ ಡ್ರಾಯರಿನಲ್ಲಿ ಮಡಚಿಟ್ಟರು.

ನಮ್ಮ ಮನೆಯಲ್ಲೇ ಸೀಮಂತ ಮಾಡಿದೆವು. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಂದವರಿಗೆಲ್ಲ ಒಬ್ಬಟ್ಟಿನ ಊಟ. ಬೀಗರು ಸೋಫಾದ ತುದಿಯಲ್ಲಿ ತಾಂಬೂಲ ಹಿಡಿದು ಕೂತಿದ್ದರು. ಅದನ್ನು ಏನು ಮಾಡಬೇಕೆಂದು ಗೊತ್ತಾಗದೆ ಸಂಜೆಯವರೆಗೂ ಕೈಯಲ್ಲೇ ಹಿಡಿದಿದ್ದರು.

ಒಂಬತ್ತರಲ್ಲಿ ಬಿದ್ದು ಕೆಲವೇ ದಿನಗಳಾಗಿದ್ದವು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ತಂಗಿ ಫೋನು ಮಾಡಿದಳು. "ಅಕ್ಕ, ಮಗು ಒದೀತಿಲ್ಲ. ನಿನ್ನೆ ಸಾಯಂಕಾಲದಿಂದ." ಅವಳ ದನಿ ಸಾಮಾನ್ಯವಾಗಿಯೇ ಇತ್ತು, ಅದಕ್ಕೇ ನನಗೆ ಹೆದರಿಕೆಯಾಯಿತು. ಮಕ್ಕಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅಮ್ಮನನ್ನು ಕೂರಿಸಿಕೊಂಡು ಫ್ರೀವೇ ಹಿಡಿದೆ. ಅಮ್ಮ ದಾರಿಯುದ್ದಕ್ಕೂ ಒಂದೇ ಸಮನೆ ದೇವರ ಹೆಸರು ಹೇಳುತ್ತಿದ್ದಳು. ಓಕ್‌ಲ್ಯಾಂಡ್ ದಾಟುವಾಗ ನಿಲ್ಲಿಸಿದಳು.

ನಾವು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎಲ್ಲ ತಿಳಿದುಬಿಟ್ಟಿತ್ತು. ಆದರೂ ಹೆರಬೇಕು. ಮರುದಿನ ಮಧ್ಯಾಹ್ನದವರೆಗೂ ನನ್ನ ತಂಗಿ ಸತ್ತ ಮಗುವಿಗಾಗಿ ನೋವು ತಿಂದಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆದರು. ನರ್ಸಮ್ಮ ಮಗುವನ್ನು ಒರೆಸಿ, ಸುತ್ತಿ, ಬದುಕಿದ ಮಗುವನ್ನು ಕೊಡುವಷ್ಟೇ ಜೋಪಾನವಾಗಿ ನನ್ನ ಕೈಗೆ ಕೊಟ್ಟಳು. ತಲೆ ತುಂಬ ಕೂದಲಿತ್ತು. ಮೂಗು ನಮ್ಮಪ್ಪನದು. ತಂಗಿಯ ಗಂಡ ಗೋಡೆಗೆ ಹಣೆ ಇಟ್ಟು ನಿಂತಿದ್ದ. ಬೀಗರು ನನ್ನ ಹತ್ತಿರ ಬಂದು ಎರಡೂ ಕೈ ಚಾಚಿದರು. ಕೊಟ್ಟೆ. ಅವರು ಕುರ್ಚಿಯಲ್ಲಿ ಕೂತು ಮಗುವಿನ ಮುಖವನ್ನು ಎಷ್ಟು ಹೊತ್ತು ನೋಡಿದರೋ, ಯಾರೂ ಅವರನ್ನು ಏಳಿಸಲಿಲ್ಲ.

ಎಳೆಮಕ್ಕಳನ್ನು ಸುಡಬಾರದು ಎಂದಳು ಅಮ್ಮ. ಊರಾಚೆಯ ಗುಡ್ಡದ ಮೇಲಿನ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಲೇಸಿನ ಅಂಗಿಯನ್ನೇ ತೊಡಿಸಿದರು, ತಲೆಗೆ ಅಮ್ಮನ ಕುಲಾವಿ. ಆ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಕೆಳಗಿನ ಊರು ಕಾಣುತ್ತಿರಲಿಲ್ಲ. ಪುಟ್ಟ ಪೆಟ್ಟಿಗೆಯನ್ನು ಬೀಗರೇ ಹೊತ್ತರು. ಮಗ ಕೈ ಕೊಡಲು ಹೋದರೆ ತಲೆಯಾಡಿಸಿದರು. ಗುಡ್ಡದ ಇಳಿಜಾರಿನಲ್ಲಿ ಅವರ ಬೂಟು ಜಾರಿತು, ಮೊಣಕಾಲೂರಿದರು, ಪೆಟ್ಟಿಗೆಯನ್ನು ಮಾತ್ರ ಅಲ್ಲಾಡಗೊಡಲಿಲ್ಲ.

ವಾಪಸು ಬರುವಾಗ ಕಾರನ್ನು ನಾನು ಓಡಿಸುತ್ತಿದ್ದೆ, ತಂಗಿ ನನ್ನ ಪಕ್ಕ, ಹಿಂದೆ ಬೀಗರು, ಅವರ ಮಗ ಮತ್ತು ಅಮ್ಮ. ಸಿಗ್ನಲಿನಲ್ಲಿ ನಿಂತಾಗ ಬೀಗರು ಕಿಟಕಿಯ ಹೊರಗೆ ನೋಡುತ್ತ, ತಮಗೆ ತಾವೇ ಅನ್ನುವಂತೆ, "ಅವನು ಐದನೆಯವನಾಗುತ್ತಿದ್ದ," ಎಂದರು. ಐದನೆಯ ಬ್ಯಾರನ್. ಅವರು ಮೂರನೆಯವರು, ಮಗ ನಾಲ್ಕನೆಯವನಾಗಬೇಕಾದವನು.

ತಂಗಿ ತಿರುಗಿ ನೋಡಲಿಲ್ಲ. "ಅಕ್ಕ, ಕಾರ್ ನಿಲ್ಸು," ಎಂದಳು. ಹೊಟ್ಟೆಗೆ ಹಾಕಿದ ಹೊಲಿಗೆ ಇನ್ನೂ ಹಸಿಯಾಗಿತ್ತು. ಆದರೂ ಬಾಗಿಲು ತೆಗೆದು ಇಳಿದು ಫುಟ್‌ಪಾತಿನ ಮೇಲೆ ನಡೆಯತೊಡಗಿದಳು. ಗಂಡ ಓಡಿಹೋಗಿ ಹಿಡಿದುಕೊಂಡ. ಅವಳನ್ನು ಅಪ್ಪಿಕೊಂಡು ಅಲ್ಲೇ ನಿಂತ. ಕಾರಿನೊಳಗೆ ಅಮ್ಮ ನನ್ನನ್ನು ಕೇಳಿದಳು, "ಏನಂದ್ರೇ ಬೀಗರು?" ನಾನು ಹೇಳಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನಾನೂ ಅದನ್ನೇ ಅಂದ್ಕತಿದ್ದೆ ಕಣೇ," ಎಂದಳು.

ಆ ವಾರವೇ ಬೀಗರು ಊರಿಗೆ ಹೊರಟುಹೋದರು. ಹೊರಡುವಾಗ ತಂಗಿ ಕೋಣೆಯಿಂದ ಹೊರಗೆ ಬರಲಿಲ್ಲ.

ಆಮೇಲಿನ ಎರಡು ವರ್ಷ ಅವರು ಇತ್ತ ಬರಲಿಲ್ಲ. ತಂಗಿ, ಅವಳ ಗಂಡ ದತ್ತು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದರು. ಅಮ್ಮನ ಮುಖ ಅರಳಿತು. "ಗಂಡುಮಗೂನೇ ತಗೊಳ್ಳಿ. ಬೀಗರಿಗೂ ಸಮಾಧಾನ ಆಯ್ತದೆ."

"ಅದು ಲೆಕ್ಕಕ್ಕೆ ಬರಲ್ಲ ಅಮ್ಮ," ಎಂದಳು ತಂಗಿ. "ದತ್ತು ಮಗನಿಗೆ ಆ ಬಿರುದು ಹೋಗಲ್ಲ. ಅವರ ಕಾನೂನು ಹಂಗಿದೆ."

"ಇದೆಂಥ ಕಾನೂನು? ನಮ್ಮ ಮೈಸೂರು ಮಹಾರಾಜರು ದತ್ತು ತಗೊಂಡಿಲ್ವಾ? ಕಿತ್ತೂರಲ್ಲಿ ತಗೊಂಡಿರ್ಲಿಲ್ವಾ?"

"ಕಿತ್ತೂರಲ್ಲಿ ತಗೊಂಡಿದ್ದಕ್ಕೇ ಅಲ್ವಾ ಅಮ್ಮ ಇವರು ಯುದ್ಧಕ್ಕೆ ಬಂದಿದ್ದು."

ಅಮ್ಮ ಅಂದಿಗೆ ಅಷ್ಟಕ್ಕೇ ಬಿಟ್ಟಳು. ಆದರೆ ಮುಂದಿನ ಭಾನುವಾರ ಅಳಿಯ ಅಪ್ಪನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾಗ ಅವಳು ಹೋಗಿ ಪರದೆಯ ಮುಂದೆ ಕೂತು ಅದನ್ನೇ ಎತ್ತಿದಳು. ನಾನು ತರ್ಜುಮೆ ಮಾಡಬೇಕಾಯಿತು. ನಮ್ಮ ಕಡೆ ಒಂದು ಚಿಕ್ಕ ಸಂಸ್ಥಾನವಿತ್ತು, ಅರಸನಿಗೆ ಮಗನಿರಲಿಲ್ಲ, ದತ್ತು ತೆಗೆದುಕೊಂಡರು, ನಿಮ್ಮ ಕಂಪನಿಯವರು ಅದು ಸಲ್ಲದೆಂದರು, ರಾಣಿ ಯುದ್ಧ ಮಾಡಿ ಸೆರೆಮನೆಯಲ್ಲಿ ಸತ್ತಳು ಎಂದೆ. ಬೀಗರು ಕಿವಿಗೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. ಬಹಳ ಸೊರಗಿದ್ದರು.

"ನಾನು ಆ ಕಥೆ ಕೇಳಿರಲಿಲ್ಲ," ಎಂದರು. "ನಿಮ್ಮ ತಾಯಿಗೆ ಹೇಳಿ, ಅವರು ಸರಿಯಾಗಿ ಹೇಳಿದರು. ಆದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಬಂದದ್ದು ಹೆಣ್ಣುಮಗು. ಸ್ಟಾಕ್‌ಟನ್ ಕಡೆಯದು, ನಾಲ್ಕು ವರ್ಷದವಳು, ಗುಂಗುರು ಕೂದಲು. ಬಂದ ಹೊಸತರಲ್ಲಿ ಊಟದ ತಟ್ಟೆಯನ್ನು ಮೇಜಿನ ಕೆಳಗೆ ಒಯ್ದು ತಿನ್ನುತ್ತಿದ್ದಳು. ತಂಗಿಯೂ ಮೇಜಿನ ಕೆಳಗೇ ಕೂತು ಅವಳ ಜೊತೆ ಉಣ್ಣುವಳು. ಅಮ್ಮನಿಗೆ ಮೊದಲು ಸ್ವಲ್ಪ ಇರಸುಮುರಸಾಯಿತು. ಮಗು ಒಂದು ದಿನ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ ಮೇಲೆ ಅದರ ಬಣ್ಣವನ್ನಾಗಲಿ ಮೂಲವನ್ನಾಗಲಿ ಯಾರೂ ಎತ್ತಬಾರದೆಂದು ಅವಳೇ ಕಟ್ಟಪ್ಪಣೆ ಮಾಡಿದಳು.

ಬೀಗರು ಕೊನೆಯ ಬಾರಿ ಬಂದದ್ದು ಅದರ ಮರುವರ್ಷ. ಈ ಸಲ ಗಾಲಿಕುರ್ಚಿಯಲ್ಲಿ ಬಂದರು. ಶ್ವಾಸಕೋಶ ಕೆಟ್ಟಿತ್ತು, ವಾಪಸು ಹೋಗುವ ಮಾತು ಯಾರೂ ಆಡಲಿಲ್ಲ. ಮೊದಲ ದಿನ ತಂಗಿ ಅವರಿಗೆ ಗಂಜಿ ತಂದು ಕೊಟ್ಟಾಗ ನಾನೂ ಅಲ್ಲಿದ್ದೆ.

"ಆ ದಿನ ಕಾರಿನಲ್ಲಿ ನಾನೊಂದು ಮಾತಾಡಿದೆ," ಎಂದರು ಬೀಗರು. ಉಸಿರಿಗೆ ನಿಂತರು. "ಆಡಬಾರದಿತ್ತು."

"ಗೊತ್ತು," ಎಂದಳು ತಂಗಿ. ಚಮಚವನ್ನು ಅವರ ಕೈಗೆ ಕೊಟ್ಟಳು. ಅಷ್ಟೇ. ಆದರೆ ಅಂದಿನಿಂದ ಅವರಿಗೆ ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು ಎಲ್ಲ ಅವಳೇ ಮಾಡಿದಳು. ಬೇರೆಯವರಿಗೆ ಬಿಡುತ್ತಿರಲಿಲ್ಲ.

ಮಗು ಅವರನ್ನು ತಾತ ಎಂದು ಕರೆಯಿತು, ಅಮ್ಮ ಕಲಿಸಿದ್ದು. ಅವರು ಅವಳಿಗೆ ಹಗ್ಗದ ಗಂಟುಗಳನ್ನು ಕಲಿಸಿದರು. ಅವರ ತಾತ ಅವರಿಗೆ ಕಲಿಸಿದ್ದಂತೆ. ನಡುಗುವ ಬೆರಳುಗಳಿಂದ ಬೂಟಿನ ದಾರ ಹಿಡಿದು ಒಂದೊಂದೇ ಸುತ್ತು ತೋರಿಸುವರು. ಅವಳು ಎವರ್‌ಗ್ರೀನ್‌ಗೆ ಬಂದಾಗ ನನ್ನ ಡೇಕೇರಿನ ಕುರ್ಚಿಗಳನ್ನೆಲ್ಲ ಒಂದಕ್ಕೊಂದು ಕಟ್ಟಿಹಾಕುತ್ತಿದ್ದಳು. ಬಿಚ್ಚಲು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮಗ ಬೂದಿಯನ್ನು ಇಂಗ್ಲೆಂಡಿಗೆ ಒಯ್ದು, ಹತ್ತು ದಿನದ ಮೇಲೆ ಬಂದ. ಈಗ ಅವನು ಲಾರ್ಡು, ನನ್ನ ತಂಗಿ ಲೇಡಿ. ಅವನಿಗೆ ಅದು ನಗೆಯ ವಿಷಯವಾಗಿತ್ತು. ನಮ್ಮ ಮನೆಗೆ ಬಂದರೆ "ಊಟ ಆಯ್ತಾ ಅಮ್ಮಾ?" ಎಂದು ತನಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕನ್ನಡ ವಾಕ್ಯ ಹೇಳಿ, ತಟ್ಟೆ ತೊಳೆಯಲು ನಿಲ್ಲುತ್ತಿದ್ದ. ಅಮ್ಮನಿಗೆ ಸಂಕಟ. "ಲಾರ್ಡು ಕೈಲಿ ಪಾತ್ರೆ ತೊಳೆಸ್ತೀಯಲ್ಲೇ," ಎಂದು ನನ್ನ ಮೇಲೆ ರೇಗುವಳು.

ಅವನು ಈ ದೇಶದ ಪೌರತ್ವಕ್ಕೆ ಅರ್ಜಿ ಹಾಕಿದ. ಅಪ್ಪ ಇರುವವರೆಗೆ ಬೇಡವೆಂದು ತಡೆದಿದ್ದನಂತೆ. ಬಿರುದು ಇದ್ದವರು ಪ್ರಮಾಣ ಮಾಡುವಾಗ ಅದನ್ನು ಬಿಟ್ಟಿದ್ದೇನೆಂದು ಎಲ್ಲರೆದುರು ಹೇಳಬೇಕು. ತಂಗಿ ಇದನ್ನು ಹೇಳಿದಾಗ ಅಮ್ಮ ಊಟ ಬಿಟ್ಟು ಎದ್ದಳು.

"ಹೆಂಗಿದ್ರೂ ಅವನ ಜೊತೆ ಮುಗಿಯೋದೇ ಅಲ್ವಾ ಅಮ್ಮ," ಎಂದಳು ತಂಗಿ.

"ಮುಗಿಯೋದು ಬೇರೆ, ಬಿಸಾಕೋದು ಬೇರೆ. ಬೀಗರು ಹೋಗಿ ಇನ್ನೂ ವರ್ಷ ತುಂಬಿಲ್ಲ. ನಿನ್ನ ಗಂಡನಿಗೆ ಹೇಳು, ಇನ್ನೊಂದಷ್ಟು ದಿನ ಇಟ್ಕಳ್ಳಿ."

ತಂಗಿ ಗಂಡನಿಗೆ ಹೇಳಿದಳು. ಅವನು ನಗಲಿಲ್ಲ. ಅಮ್ಮನ ಮಾತಿಗಾಗಿ ಪೌರತ್ವದ ಸಂದರ್ಶನದ ದಿನವನ್ನು ಮುಂದಕ್ಕೆ ಹಾಕಿಸಿದ. ಹಾಗಾಗಿ ಅವನು ಸತ್ತಾಗ ಬಿರುದು ಅವನ ಹೆಸರಿನಲ್ಲೇ ಇತ್ತು.

ಅದೊಂದು ಶನಿವಾರ. ಬೆಳಗ್ಗೆ ಸೈಕಲ್ ತೆಗೆದುಕೊಂಡು ಬರ್ಕ್ಲಿಯ ಗುಡ್ಡ ಹತ್ತಲು ಹೋದ. ಪ್ರತಿ ಶನಿವಾರ ಹೋಗುತ್ತಿದ್ದ. ದಾರಿಯಲ್ಲಿ ಎದೆ ನೋವು ಬಂದು ಸೈಕಲ್ ನಿಲ್ಲಿಸಿ ರಸ್ತೆಯ ಅಂಚಿನಲ್ಲಿ ಕೂತನಂತೆ. ಹಿಂದೆ ಬಂದ ಯಾರೋ ನೋಡಿ ಆಂಬುಲೆನ್ಸಿಗೆ ಫೋನು ಮಾಡಿದರು. ಆಸ್ಪತ್ರೆ ತಲುಪುವುದರೊಳಗೆ ಹೋಗಿಬಿಟ್ಟಿದ್ದ. ನಲವತ್ತಾರು ವಯಸ್ಸು. ನಾನು ಹೋದಾಗ ತಂಗಿ ಅವನ ಸೈಕಲ್ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮಗುವಿಗೆ ಏನು ಹೇಳುವುದು ಎಂದು ಒಂದೇ ಸಮನೆ ಕೇಳುತ್ತಿದ್ದಳು. ನಾನೇ ಹೇಳಿದೆ. ಮಗು ಕೇಳಿಸಿಕೊಂಡು, ಎಷ್ಟೋ ದಿನದ ಮೇಲೆ ಮತ್ತೆ ಮೇಜಿನ ಕೆಳಗೆ ಹೋಗಿ ಕೂತಳು.

ತಿಥಿಯಾದ ವಾರ ನಾನೂ ಅಮ್ಮನೂ ಬರ್ಕ್ಲಿಯಲ್ಲಿದ್ದಾಗ ಇಂಗ್ಲೆಂಡಿನಿಂದ ಫೋನು ಬಂತು. ಅಂಥ ಮನೆತನಗಳ ವಂಶಾವಳಿ ಅಚ್ಚುಹಾಕುವ ಪುಸ್ತಕದವರು. ವಯಸ್ಸಾದ ಹೆಂಗಸಿನ ಮೃದುವಾದ ದನಿ. ತಂಗಿ ಕೈ ಬಿಡುವಿರಲಿಲ್ಲವೆಂದು ಸ್ಪೀಕರಿನಲ್ಲಿ ಹಾಕಿದ್ದಳು. ಮಗುವಿನ ಕೂದಲು ಬಾಚುತ್ತಿದ್ದಳು. ಆ ಹೆಂಗಸು ದುಃಖ ಹೇಳಿಕೊಂಡು, ತಪ್ಪು ತಿಳಿಯಬೇಡಿ, ಕೇಳಲೇಬೇಕಾಗಿದೆ ಎಂದಳು. ಮಕ್ಕಳು?

"ಒಬ್ಬಳು ಮಗಳು," ಎಂದಳು ತಂಗಿ.

ಹೆತ್ತ ಮಗಳೋ, ದತ್ತುವೋ?

"ದತ್ತು."

ಗಂಡುಮಕ್ಕಳು ಯಾರಾದರೂ?

ತಂಗಿಯ ಬಾಚಣಿಗೆ ನಿಂತಿತು. "ಒಬ್ಬ ಇದ್ದ."

ಆ ಕಡೆಯ ದನಿ ಸ್ವಲ್ಪ ಚುರುಕಾಯಿತು. ಇದ್ದ ಎಂದರೆ? ಈಗ ಜೀವಂತ ಇದ್ದಾನೆಯೇ?

"ಇಲ್ಲ. ಹುಟ್ಟುವಾಗಲೇ ಇರಲಿಲ್ಲ."

ಆಮೇಲೆ ಆ ಹೆಂಗಸು, ಹಾಗಾದರೆ ಆ ಮಗುವಿನ ವಿಷಯ ನಮೂದಿಸಲು ಬರುವುದಿಲ್ಲ, ಕ್ಷಮಿಸಿ, ಎಂದಳು. ಪದವಿ ಇಲ್ಲಿಗೆ ಮುಗಿಯಿತೆಂದು ಹಾಕುತ್ತೇವೆ. ನಿಮ್ಮ ಮಗಳು ಗೌರವಕ್ಕಾಗಿ ಹೆಸರಿನ ಮೊದಲು ಒಂದು ಪದ ಬಳಸಿಕೊಳ್ಳಬಹುದು, ಅವಳಿರುವವರೆಗೆ. ಆ ಪದ ಏನೆಂದು ಹೇಳಲೇ?

"ಬೇಡ. ಥ್ಯಾಂಕ್ಸ್," ಎಂದು ತಂಗಿ ಫೋನಿಟ್ಟಳು. ಮಗು, "ಅಮ್ಮ, who was that?" ಎಂದಿತು. "ತಾತನ ಊರಿನೋರು," ಎಂದು ಎರಡನೆಯ ಜಡೆ ಹಾಕತೊಡಗಿದಳು. ಅಮ್ಮ ಮೂಲೆಯಲ್ಲಿ ಕೂತಿದ್ದಳು. ಏನು ಮಾತಾಯಿತೆಂದು ನನ್ನನ್ನು ಕೇಳಲಿಲ್ಲ. ತಾನೇ ಅರ್ಥ ಮಾಡಿಕೊಂಡಿದ್ದಳು.

ಹೇಗೋ ಸುದ್ದಿ ಹಬ್ಬಿತು. ಅಲ್ಲಿಯ ಯಾವುದೋ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದದ್ದನ್ನು ಯಾರೋ ನಮ್ಮ ಕನ್ನಡದವರ ಗುಂಪಿಗೆ ಕಳಿಸಿದರು. ಅಲ್ಲಿಯವರೆಗೆ ತಂಗಿಯ ಗಂಡನನ್ನು ಸೈಕಲ್ಲಿನ ಬಿಳಿಯ ಎಂದಷ್ಟೇ ಬಲ್ಲವರೆಲ್ಲ ನನಗೆ ಮೆಸೇಜು ಮಾಡತೊಡಗಿದರು. ಯುಗಾದಿಯ ಊಟಕ್ಕೆ ತಂಗಿಯನ್ನು ಬಲವಂತವಾಗಿ ಕರೆದುಕೊಂಡು ಹೋದೆ. ಮನೆಯಲ್ಲೇ ಕೂತು ಕೂತು ಅವಳ ಬಣ್ಣ ಮಣ್ಣಾಗಿತ್ತು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಕ್ಯುಪರ್ಟಿನೋದ ಹೆಂಗಸೊಬ್ಬರು ಅವಳ ಕೈ ಹಿಡಿದುಕೊಂಡರು. ಒಳ್ಳೆಯವರೇ. ಸಮಾಧಾನ ಹೇಳಬೇಕೆಂದೇ ಬಂದವರು.

"ಪಾಪ, ನಮಗೆ ಗೊತ್ತೇ ಇರ್ಲಿಲ್ಲ ನೋಡಿ. ಎಂಥಾ ದೊಡ್ಡ ಫ್ಯಾಮಿಲಿ. ಲೇಡಿ ಆಗಿದ್ರಂತೆ ನೀವು. ಅಷ್ಟು ಹಳೇ ಟೈಟಲ್ಲು, ಹಿಂಗೆ ಎಂಡ್ ಆಗ್ಬಾರ್ದಿತ್ತು. ಒಂದು ಗಂಡು ಇದ್ದಿದ್ರೆ ನೋಡಿ..."

ತಂಗಿ ತಲೆಯಾಡಿಸಿದಳು. ತಟ್ಟೆಯಲ್ಲಿ ಆಗಲೇ ಹೋಳಿಗೆ ಬಡಿಸಿದ್ದರು. ಅದನ್ನು ಮೇಜಿನ ಮೇಲಿಟ್ಟು, ಮಗುವಿನ ಕೈ ಹಿಡಿದು ಪಾರ್ಕಿಂಗ್ ಲಾಟಿಗೆ ನಡೆದಳು. ನಾನು ಅಮ್ಮನನ್ನು ಕರೆದುಕೊಂಡು ಹಿಂದೆಯೇ ಹೋದೆ.

ಕಾರಿನಲ್ಲಿ ಮಗು ಅಮ್ಮನ ಹೆಗಲಿಗೆ ಒರಗಿ ನಿದ್ದೆಹೋಯಿತು. ಬೆಟ್ಟಗಳು ಹಸಿರಾಗಿದ್ದವು, ಬಿಸಿಲು ಚೆನ್ನಾಗಿತ್ತು. ತಂಗಿ ಹೇಳಿದಳು, "ಅಕ್ಕ, ಅವನು ಹೋದ ಅಂತ ಯಾರೂ ಅಳ್ತಿಲ್ಲ. ಆ ಹೆಸರು ಹೋಯ್ತಲ್ಲ ಅಂತಾರೆ. ಅವನಿಗೆ ಅದು ಬೇಕೇ ಇರ್ಲಿಲ್ಲ."

ಹಿಂದಿನ ಸೀಟಿನಿಂದ ಅಮ್ಮ ಅಂದಳು, "ನಾನು ಅಳ್ತಾ ಇದೀನಿ ಕಣವ್ವ. ನಿನ್ನ ಗಂಡನಿಗೇ ಅಳ್ತಾ ಇದೀನಿ. ಬಿರುದಿಗಲ್ಲ."

ತಂಗಿ ಕೈಯನ್ನು ಹಿಂದಕ್ಕೆ ಚಾಚಿದಳು. ಅಮ್ಮ ಹಿಡಿದುಕೊಂಡಳು. ಎವರ್‌ಗ್ರೀನ್‌ವರೆಗೆ ಹಾಗೇ ಬಂದೆವು. ಬರ್ಕ್ಲಿಗೆ ಈಗಲೇ ಹೋಗುವುದಿಲ್ಲ ಎಂದಳು. ಮಧ್ಯಾಹ್ನವೆಲ್ಲ ಅಮ್ಮನ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದಳು. ಸಂಜೆ ಎದ್ದು ಮುಖ ತೊಳೆದು, ಅನ್ನ ಸಾರು ಉಂಡು, ಮಗುವನ್ನು ಕರೆದುಕೊಂಡು ಹೊರಟಳು.

ಸೋಮವಾರದಿಂದ ಲ್ಯಾಬಿಗೆ ಹೋಗತೊಡಗಿದಳು. ಈಗಲೂ ಹೋಗುತ್ತಾಳೆ. ಮಾತು ಕಡಿಮೆ. ಮಗು ಎರಡನೆಯ ತರಗತಿಯಲ್ಲಿ ಓದುತ್ತಿದೆ.